ಬೆಡ್‌ಶೀಟ್ ಅಳತೆಯ ಮನೆ

…ನಗ್ತೀರಾ? ನಗಿ, ನಗಿ ಅತ್ತೆ. ಬಾಯಿ ತುಂಬ ಕ್ಲಿಪ್ಪು ಕಚ್ಚಿಕೊಂಡು ನಗೋಕೆ ಹೋದ್ರೆ ಒಂದು ಗಂಟಲಿಗೆ ಇಳಿಯುತ್ತೆ. ಆಮೇಲೆ ಡಾಕ್ಟರಿಗೆ ನಾನು ಏನಂತ ಹೇಳಲಿ? ಸೊಸೆ ತಜ್ಞೆ ಆದ ಸುದ್ದಿ ಕೇಳಿ ನಮ್ಮತ್ತೆ ಬಟ್ಟೆ ಕ್ಲಿಪ್ಪು ನುಂಗಿದ್ರು ಅಂತಲಾ?

ಸುಳ್ಳಲ್ಲ. ನಿಜವಾಗ್ಲೂ ತಜ್ಞೆ. ನನ್ನ ಮುಂದೆ ಹಲಗೆ ಇತ್ತು, ಬಿಳೀ ಹಲಗೆ, ನೀಲಿ ಅಕ್ಷರ, 'ವಸತಿ ತಜ್ಞರು' ಅಂತ. ಹತ್ತನೇ ಕ್ಲಾಸು ಮುಗಿಸಿದವಳಿಗೆ ಅಷ್ಟು ಓದೋಕೆ ಬರಲ್ವಾ? ಬರುತ್ತೆ. ಆದ್ರೆ ಹಲಗೆ ಮುಖ ಜನರ ಕಡೆ ಇತ್ತು, ಬೆನ್ನು ನನ್ನ ಕಡೆ. ನನಗೆ ಕಂಡಿದ್ದು ಇಷ್ಟೇ… ಕುರ್ಚಿ ಖಾಲಿ ಇದೆ, ಮೆತ್ತಗಿದೆ, ಮೇಲೆ ಫ್ಯಾನು ತಿರುಗ್ತಾ ಇದೆ. ಕೂತೆ.

ಆ ಕಡೆ ತುದಿ ಸರಿಯಾಗಿ ಹಿಡ್ಕೊಳ್ಳಿ. ಎಳೀರಿ. ಹಾಂ… ಬನ್ನಿ ಹತ್ರ. ಕೊಡಿ. ಒಂದಾಯ್ತು. ಇನ್ನೂ ಅರವತ್ತು ಶೀಟು ತಂತಿ ಮೇಲೆ ಇದಾವೆ. ಕೆಳಗೆ ಲಾಡ್ಜಿನ ಮ್ಯಾನೇಜರು ಐದು ಗಂಟೆಗೆ ಮೆಟ್ಟಿಲ ಬುಡದಲ್ಲಿ ನಿಂತು ಕೆಮ್ಮೋಕೆ ಶುರು ಮಾಡ್ತಾನೆ. ಮಾತಾಡ್ತಾ ಮಾಡೋಣ. ಮಾತಾಡ್ತಾ ಅಂದ್ರೆ ನಾನು ಮಾತಾಡ್ತಾ. ನಿಮಗೆ ಕ್ಲಿಪ್ಪು ಇದೆಯಲ್ಲ.

ಸದ್ದು ಮಾಡಬೇಡಿ, ಪುಟ್ಟ ಈಗ ತಾನೇ ಮಲಗಿದಾನೆ. ದಿಂಬಿನ ಕವರು ತುಂಬೋ ಬುಟ್ಟೀಲಿ ಹೆಂಗೆ ಕಾಲು ಚಾಚಿದಾನೆ ನೋಡಿ, ಲಾಡ್ಜಿಗೆ ಬಾಡಿಗೆ ಕಟ್ಟಿದವನ ಹಾಗೆ.

ಮೊದಲಿಂದ ಹೇಳ್ತೀನಿ. ಬೆಳಗ್ಗೆ ಈ ಟೆರೇಸು, ಪುಟ್ಟ, ನೂರಿಪ್ಪತ್ತು ಶೀಟು ಎಲ್ಲಾ ನಿಮಗೆ ಒಪ್ಪಿಸಿ ಅರ್ಜಿ ಕೊಡೋಕೆ ಹೋದೆನಲ್ಲ. ಅಗೋ, ನೀರಿನ ಟ್ಯಾಂಕಿನ ಹಿಂದೆ ಕಾಣುತ್ತಲ್ಲ ಎಂಟು ಮಹಡಿ ಕಟ್ಟಡ, ಅದೇ. ಮೊದಲು ಅಲ್ಲಿ ಯಾವುದೋ ಆಫೀಸು ಇತ್ತು. ಐದು ವರ್ಷ ಪಾರಿವಾಳ ಬಿಟ್ಟು ಇನ್ಯಾರೂ ಹತ್ತಿಲ್ಲ. ಈಗ ನಗರಸಭೆಯವರು ತಗೊಂಡು ಒಳಗೆ ಗೋಡೆ ಕಟ್ಟಿ, ನಲ್ಲಿ ಎಳೆದು, ಮನೆ ಮಾಡಿದಾರೆ. ನಮ್ಮಂಥವರಿಗೆ. ದುಡಿಮೆಯಲ್ಲಿ ಕಾಲು ಭಾಗ ಬಾಡಿಗೆ, ಅದಕ್ಕಿಂತ ಒಂದು ಕಾಸು ಹೆಚ್ಚಿಲ್ಲ. ಯಾರೂ ಬಂದು ತಿಂಗಳ ಕೊನೆಗೆ ಖಾಲಿ ಮಾಡಿ ಅನ್ನೋ ಹಾಗೂ ಇಲ್ಲ. ನಮ್ಮ ರೂಮಿನ ಓನರ್ ಅಂದನಲ್ಲ ಮೊನ್ನೆ, ಹಲ್ಲು ಚುಚ್ಚಿಕೊಳ್ತಾ… 'ಈ ರೂಮನ್ನ ಇನ್ಮೇಲೆ ಬಂದುಹೋಗೋರಿಗೆ ದಿನದ ಲೆಕ್ಕದಲ್ಲಿ ಕೊಡ್ತೀನಮ್ಮ, ಒಂದನೇ ತಾರೀಖು ಬೀಗ ನನ್ನ ಕೈಗೆ ಬರಬೇಕು' ಅಂತ. ಹಂಗೆ ಇಲ್ಲಿ ಅನ್ನೋಕಾಗಲ್ಲ.

ಕೌಂಟರಲ್ಲಿ ಗುಮಾಸ್ತ ತಲೆ ಎತ್ತದೇ ಅಂದ, 'ಅರ್ಜಿ ಮಧ್ಯಾಹ್ನದ ಮೇಲೆ. ಈಗ ಒಳಗೆ ಸಭೆ ಇದೆ, ಸಾರ್ವಜನಿಕರು ಬಂದು ಕೂರಬಹುದು.' ನಾನು ಸಾರ್ವಜನಿಕಳೇ ತಾನೇ? ಹೋದೆ. ಟೀ ಇತ್ತು, ಬಿಸ್ಕತ್ತು ಇತ್ತು. ಎರಡು ತಿಂದೆ, ಎರಡು ಸೆರಗಿಗೆ ಕಟ್ಕೊಂಡೆ. ಹಂಗೆ ನೋಡಬೇಡಿ, ದೊಡ್ಡವಳಿಗೆ. ಸ್ಕೂಲಿಂದ ಬಂದಮೇಲೆ ಕೊಡ್ತೀನಿ.

ಸಭೆಯ ವಿಷಯ ಏನು ಗೊತ್ತಾ? 'ನಗರದಲ್ಲಿ ಬಡವರಿಗೆ ಕಡಿಮೆ ಬಾಡಿಗೆಗೆ ಮನೆ ಸಿಗೋ ಹಾಗೆ ಮಾಡೋದು ಹೇಗೆ?' ಮುಂದೆ ಜನರಿಗೆ ಎದುರಾಗಿ ನಗರಸಭೆಯ ಕಮಿಷನರ್ ಮೇಡಂ, ಅವರ ಪಕ್ಕ ಒಬ್ಬಳು ಇಂಜಿನಿಯರಮ್ಮ, ಅವರ ಪಕ್ಕ ಒಬ್ಬ ಬಿಲ್ಡರು, ಅವನ ಪಕ್ಕ ಮನೆ ಮಾಲೀಕರ ಸಂಘದ ಅಧ್ಯಕ್ಷ, ಅವನ ಪಕ್ಕ… ನಾನು. ತಜ್ಞರ ಕುರ್ಚೀಲಿ ಕೂರಬೇಕಾದವರು ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡಿದ್ರಂತೆ. ಮನೆ ಬಗ್ಗೆ ಮಾತಾಡೋರು ಊರಾಚೆ ಮನೆ ಮಾಡಿದ್ರೆ ಹಂಗೇ ಆಗೋದು.

ನನ್ನ ಸೀರೆ? ಈ ಸೀರೇನೇ ಅತ್ತೆ, ಬ್ಲೀಚು ಬಿದ್ದು ಕಲೆ ಆಗಿದೆಯಲ್ಲ ಇದೇ. ಬಿಲ್ಡರು ಆ ಕಲೆ ನೋಡಿ ಹೊಸ ಡಿಸೈನು ಅಂದ್ಕೊಂಡಿರಬೇಕು. ನಮಸ್ಕಾರ ಮೇಡಂ ಅಂದ. ನಾನೂ ಸುಮ್ಮನೆ ತಲೆ ಆಡಿಸಿದೆ. ದೊಡ್ಡವರು ಹಂಗೇ ಆಡಿಸೋದು, ಕತ್ತು ಅಲ್ಲಾಡಬಾರದು, ಬರೀ ಗಲ್ಲ ಅಲ್ಲಾಡಬೇಕು.

ಬನ್ನಿ, ಮಡಿಸಿ. ಅಂಚಿಗೆ ಅಂಚು ಸೇರಲಿ.

ಬಿಲ್ಡರು ಮೊದಲು ಎದ್ದ. ನಗರಸಭೆ ಹೊಸ ನಿಯಮ ತರ್ತಾ ಇದೆಯಂತೆ, ಹತ್ತು ಮನೆ ಕಟ್ಟಿದ್ರೆ ಎರಡು ಮನೆ ಕಡಿಮೆ ಆದಾಯದವರಿಗೆ ಬಿಡಬೇಕು, ಅದಕ್ಕೆ ಬದಲು ಅವನಿಗೆ ಒಂದು ಮಹಡಿ ಮೇಲೆ ಕಟ್ಟೋಕೆ ಪರ್ಮಿಷನ್ನು. ಅವನು ಅಂದ, 'ಬಿಡ್ತೀವಿ ಮೇಡಂ, ಸಂತೋಷದಿಂದ ಬಿಡ್ತೀವಿ. ಆದ್ರೆ ಅವರಿಗೆ ಹಿಂದುಗಡೆಯಿಂದ ಬೇರೆ ಗೇಟು ಇಟ್ಟರೆ ಎಲ್ಲರಿಗೂ ಅನುಕೂಲ.' ಎಲ್ಲರಿಗೂ ಅಂತೆ. ನನಗೆ ತಡೀಲಿಲ್ಲ. ಮೈಕು ನನ್ನ ಮುಂದೇ ಇತ್ತು, ಕೆಂಪು ದೀಪ ಉರೀತಾ ಇತ್ತು. ನಾನು ಅಂದೆ, 'ಅಲ್ಲ ಸಾರ್, ಬೆಳಗ್ಗೆ ನಿಮ್ಮ ಮನೆ ಪಾತ್ರೆ ತೊಳೆಯೋಕೆ ಬರೋಳು ಮುಂದಿನ ಗೇಟಲ್ಲಿ ಬರ್ತಾಳೆ. ಸಂಜೆ ತನ್ನ ಮನೆಗೆ ಹೋಗೋವಾಗ ಅವಳು ಹಿಂದಿನ ಗೇಟಲ್ಲಿ ಹೋಗಬೇಕಾ? ಅದೇ ಹೆಂಗಸು, ಅದೇ ಕಾಲು.'

 ಆಮೇಲೆ ಹಿಂದಿಂದ ಯಾರೋ ಒಬ್ಬರು ಚಪ್ಪಾಳೆ ತಟ್ಟಿದ್ರು. ಒಬ್ಬರು ತಟ್ಟಿದ್ರೆ ಎಲ್ಲರಿಗೂ ಕೈ ತುರಿಸುತ್ತಲ್ಲ.

ಹೂಂ ಅತ್ತೆ, ಭಯ ಆಗಿತ್ತು. ಟೇಬಲ್ಲಿನ ಕೆಳಗೆ ಬಿಸ್ಕತ್ತಿನ ಗಂಟು ಹಿಡ್ಕೊಂಡಿದ್ದೆ.

ಆಮೇಲೆ ಮಾಲೀಕರ ಸಂಘದ ಅಧ್ಯಕ್ಷ. ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಬಾಡಿಗೆ ಏರಿಸಬಾರದು ಅಂತ ಕಾನೂನು ಬಂದ್ರೆ ಮಾಲೀಕರ ಹೆಂಡತಿ ಮಕ್ಕಳು ಬೀದಿಗೆ ಬರ್ತಾರಂತೆ. ಕರ್ಚೀಫು ತೆಗೆದು ಕಣ್ಣು ಒರೆಸಿಕೊಂಡ. ಆ ಕರ್ಚೀಫಿಗೆ ಎಷ್ಟು ಚೆನ್ನಾಗಿ ಗಂಜಿ ಹಾಕಿದ್ರು ಅಂದ್ರೆ ಕಣ್ಣೀರು ಹೀರಲಿಲ್ಲ, ಜಾರಿ ಕೆಳಗೆ ಬಿತ್ತು. ಅವನ ಎದುರಿಗೆ ಜನರ ಸಾಲಲ್ಲಿ ಯಾರು ಕೂತಿದ್ರು ಹೇಳಿ? ನಮ್ಮ ಓನರ್. ನನ್ನನ್ನ ನೋಡಿದ. ಹಲಗೆ ನೋಡಿದ. ಮತ್ತೆ ನನ್ನನ್ನ ನೋಡಿದ. ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತುಹೋಯ್ತು. ನಾನು ಗಲ್ಲ ಅಲ್ಲಾಡಿಸಿದೆ.

ಅಯ್ಯೋ, ಶೀಟು ನೆಲಕ್ಕೆ ಮುಟ್ಟುತ್ತೆ, ಎತ್ತಿ. ನಗೋದಿದ್ರೆ ಕೈ ಮೇಲಿಟ್ಟುಕೊಂಡು ನಗಿ.

ತರಕಾರಿ ಮಾರೋ ಒಬ್ಬಳು ಅಕ್ಕ ಎದ್ದು ನಿಂತು ಬಹಳ ಚೆನ್ನಾಗಿ ಮಾತಾಡಿದಳು. ಅವಳಿಗೆ ಹಿಂದೊಂದು ಸಲ ಊರಾಚೆ ಮನೆ ಕೊಟ್ಟಿದ್ರಂತೆ. ಒಳ್ಳೇ ಮನೆ, ಗೋಡೆ ಗಟ್ಟಿ. ಆದ್ರೆ ದಿನಕ್ಕೆ ಮೂರು ಬಸ್ಸು. ಮಾರ್ಕೆಟ್ಟು ಬೆಳಗ್ಗೆ ನಾಲ್ಕಕ್ಕೆ ಶುರು, ಮೊದಲ ಬಸ್ಸು ಏಳಕ್ಕೆ. 'ಮನೆಯೇನೋ ಕೊಟ್ರಿ ಸ್ವಾಮಿ, ಊರನ್ನ ಕಿತ್ಕೊಂಡ್ರಿ' ಅಂದಳು. ಒಂದೇ ವರ್ಷದಲ್ಲಿ ಬೀಗ ಹಾಕಿ ವಾಪಸ್ಸು ಬಂದು ಅಂಗಡಿ ಹಿಂದಿನ ಗೋಡೌನಲ್ಲಿ ಮಲಗ್ತಾ ಇದಾಳೆ. ಅದನ್ನ ನಗು ಬರೋ ಹಾಗೆ ಹೇಳಲಿಲ್ಲ ಅವಳು, ಆದ್ರೂ ಕೆಲವರು ನಕ್ಕರು. ಮೇಡಂ ನಗಲಿಲ್ಲ. ಬರೆದುಕೊಂಡರು.

ಈಗ ನನ್ನ ಭಾಷಣ. ಕ್ಲಿಪ್ಪು ಸರಿ ಮಾಡ್ಕೊಳ್ಳಿ ಮೊದಲು.

ಇಂಜಿನಿಯರಮ್ಮ ಗೋಡೆ ಮೇಲೆ ಚಿತ್ರ ತೋರಿಸಿದಳು. ಮನೆ ಕಟ್ಟೋಕೆ ಯಾಕೆ ಇಷ್ಟು ಖರ್ಚು ಅಂತ. ಸಿಮೆಂಟು, ಕಬ್ಬಿಣ, ಜಾಗ… ಆಮೇಲೆ, ಕಾರು ನಿಲ್ಲಿಸೋ ಜಾಗ. ಪ್ರತಿ ಮನೆಗೂ ಒಂದು ಕಾರಿನ ಜಾಗ ಬಿಡಲೇಬೇಕಂತೆ, ನಿಯಮ. ಕಾರು ಇರಲಿ ಬಿಡಲಿ. ನಾನು ಕೇಳಿದೆ, 'ಒಂದು ಕಾರಿಗೆ ಎಷ್ಟು ಜಾಗ?' ಅವಳು ಏನೋ ಅಡಿ, ಮೀಟರು ಅಂದಳು. ನನಗೆ ಅದು ತಲೆಗೆ ಹೋಗಲ್ಲ. 'ಬೆಡ್‌ಶೀಟಲ್ಲಿ ಹೇಳಿ' ಅಂದೆ. ಅವಳು ಕಕ್ಕಾಬಿಕ್ಕಿ. ಆಗ ನಾನೇ ಎದ್ದು ಹೋಗಿ ಚಿತ್ರದ ಹತ್ರ ಕೈ ಚಾಚಿ ತೋರಿಸಿದೆ. ಇಲ್ಲಿಂದ ಇಲ್ಲಿಗೆ ಒಂದು ಡಬಲ್ ಶೀಟು, ಇಲ್ಲಿಂದ ಇಲ್ಲಿಗೆ ಇನ್ನೊಂದು ಡಬಲ್. ಅಂಚಲ್ಲಿ ಒಂದು ದಿಂಬಿನ ಕವರಷ್ಟು ಉಳಿಯುತ್ತೆ. ಲೆಕ್ಕ ಸರಿಯಾ ಅಂದೆ. ಅವಳು ಮಿಷನ್ನಲ್ಲಿ ಒತ್ತಿ ಒತ್ತಿ ನೋಡಿ, 'ಸರಿ ಮೇಡಂ' ಅಂದಳು.

ಎರಡು ಡಬಲ್. ಅಂದ್ರೆ ನಮ್ಮ ರೂಮು ಅತ್ತೆ. ಒಲೆ, ಕೊಡ, ನಿಮ್ಮ ಟ್ರಂಕು, ದೊಡ್ಡವಳ ಸ್ಕೂಲ್ ಬ್ಯಾಗು ಎಲ್ಲಾ ಸೇರಿ ಎರಡು ಡಬಲ್.

ನಾನು ಮೈಕ್ ಹತ್ರ ವಾಪಸ್ಸು ಬಂದು ಅಂದೆ, 'ನಮ್ಮನೇಲಿ ನಾವು ಐದು ಜನ. ನಾನು, ನನ್ನ ಗಂಡ, ಎರಡು ಮಕ್ಕಳು, ನಮ್ಮತ್ತೆ. ನಾವು ಐದು ಜನ ಅಡುಗೆ ಮಾಡಿ, ಉಂಡು, ಜಗಳ ಆಡಿ, ಮಲಗೋ ಜಾಗದಲ್ಲಿ ನಿಮ್ಮ ಒಂದು ಕಾರು ಮಲಗುತ್ತೆ. ಅದೂ ಒಂಟಿಯಾಗಿ. ಅದು ಗೊರಕೆ ಹೊಡೆಯಲ್ಲ, ಮಗ್ಗುಲಾಗಲ್ಲ. ಬಸ್ಸು ಸರಿಯಾಗಿ ಬಿಡಿ, ಕಾರಿನ ಜಾಗ ನಮಗೆ ಬಿಡಿ, ಅರ್ಧ ಬಾಡಿಗೆ ತಾನಾಗೇ ಇಳಿಯುತ್ತೆ.'

ಎಂಥ ಚಪ್ಪಾಳೆ ಅಂತೀರಿ. ಕಮಿಷನರ್ ಮೇಡಂ ಕನ್ನಡಕ ತೆಗೆದು, 'ನೀವು ಯಾವ ಸಂಸ್ಥೆಯವರು?' ಅಂದ್ರು. 'ಲಾಡ್ಜು ಮೇಡಂ, ಬಟ್ಟೆ ಮಡಿಸೋ ವಿಭಾಗ' ಅಂದೆ. ಅಷ್ಟರಲ್ಲಿ ನಿಜವಾದ ತಜ್ಞರು ಬೆವರು ಒರೆಸಿಕೊಂಡು ಬಾಗಿಲಲ್ಲಿ ನಿಂತಿದ್ರು. ಮೇಡಂ ಅವರಿಗೆ ಏನಂದ್ರು ಗೊತ್ತಾ? 'ಇನ್ನೊಂದು ಕುರ್ಚಿ ಹಾಕ್ಕೊಳ್ಳಿ.'

ಬನ್ನಿ, ಕೊಡಿ ತುದಿ. ನಿಮ್ಮ ಕಣ್ಣು ನೋಡಿದ್ರೆ ನೀವೇ ಭಾಷಣ ಮಾಡಿದ ಹಾಗಿದೆ. ರಾತ್ರಿ ನಿಮ್ಮ ಮಗನಿಗೆ ಹೇಳಬೇಡಿ, ನಾನೇ ಹೇಳ್ತೀನಿ. ನೀವು ಹೇಳಿದ್ರೆ ಕಾರಿನ ಜಾಗದಲ್ಲಿ ವಿಮಾನ ಬಂದು ನಿಲ್ಲುತ್ತೆ.

ಅರ್ಜಿ? ಕೊಟ್ಟೆ, ಕೊಟ್ಟೆ. ಅದು ಆಮೇಲೆ ಹೇಳ್ತೀನಿ. ಮನೆ ಹೇಗಿದೆ ಅಂತ ಕೇಳಿ ಮೊದಲು.

ಊಟದ ಹೊತ್ತಿಗೆ ಮೇಡಂ ಎಲ್ಲರನ್ನೂ ಮಾದರಿ ಮನೆ ನೋಡೋಕೆ ಎರಡನೇ ಮಹಡಿಗೆ ಕರ್ಕೊಂಡು ಹೋದ್ರು. ನೆಲ ನೋಡಬೇಕು ಅತ್ತೆ. ಒಂದು ಬಿರುಕಿಲ್ಲ. ಕಿಟಕಿ ಎರಡು. ಒಂದು ತೆಗೆದ್ರೆ ಗಾಳಿ ಬರುತ್ತೆ, ಇನ್ನೊಂದು ತೆಗೆದ್ರೆ ಅದೇ ಗಾಳಿ ಹೋಗುತ್ತೆ. ನಮ್ಮ ರೂಮಲ್ಲಿ ಒಮ್ಮೆ ಬಂದ ಗಾಳಿ ನಮ್ಮ ಜೊತೇನೇ ಸಂಸಾರ ಮಾಡ್ಕೊಂಡು ಇರುತ್ತಲ್ಲ. ಅಡುಗೆಮನೆ ಬೇರೆ. ಕಕ್ಕಸು ಒಳಗೇ, ಒಳಗೆ ಚಿಲಕ ಇದೆ, ಚಿಲಕ ಕೆಲಸ ಮಾಡುತ್ತೆ. ಕೊಡ ಹಿಡ್ಕೊಂಡು ಸಾಲಲ್ಲಿ ನಿಲ್ಲೋದಿಲ್ಲ.

ಏನು, ಹುಬ್ಬು ಕುಣಿಸ್ತೀರಿ? ನಲ್ಲೀನಾ? ದಿನಾ ಬರುತ್ತೆ, ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಮೆಟ್ಟಿಲಾ? ಲಿಫ್ಟು ಇದೆ. ನಿಮ್ಮ ಮಗ ಊರಿನ ಲಿಫ್ಟು ಎಲ್ಲಾ ರಿಪೇರಿ ಮಾಡ್ತಾನೆ ಅಂದಮೇಲೆ ನಾವಿರೋ ಕಟ್ಟಡದ ಲಿಫ್ಟು ಮಾತ್ರ ಕೆಟ್ಟು ನಿಂತಿರುತ್ತೆ, ಬರೆದಿಟ್ಕೊಳ್ಳಿ. ಗ್ಯಾಸಿಗೆ ಗೂಡು ಇದೆ. ದೊಡ್ಡವಳ ಸ್ಕೂಲಿಗೆ ಒಂದು ರಸ್ತೆ ದಾಟಿದ್ರೆ ಆಯ್ತು. ಎಲ್ಲಾ ಕೇಳ್ತೀರಲ್ಲ ಕಣ್ಣಲ್ಲೇ, ಕ್ಲಿಪ್ಪು ಇದ್ರೂ ಬಿಡಲ್ಲ ನೀವು.

ಅಳತೇನಾ? ಅದನ್ನ ಕೇಳಿ. ಹರಿದ ಶೀಟು ಹೊಲಿಸೋಕೆ ಅಂತ ಟೈಲರ್ ಹತ್ರ ಕೊಡಬೇಕಿತ್ತಲ್ಲ, ಒಂದು ಡಬಲ್ ಚೀಲದಲ್ಲೇ ಇತ್ತು. ತೆಗೆದು ನೆಲದ ಮೇಲೆ ಹಾಸಿದೆ. ಗುಮಾಸ್ತ ಓಡಿ ಬಂದ, 'ಏನಮ್ಮಾ, ಈಗಲೇ ಮಲಗ್ತೀಯಾ? ಇನ್ನೂ ಮಂಜೂರು ಆಗಿಲ್ಲ' ಅಂತ. ಲಾಡ್ಜಿನ ಮುದ್ರೆ ಬೇರೆ ದೊಡ್ಡದಾಗಿ ಕಾಣ್ತಾ ಇತ್ತು, ಈ ಕಟ್ಟಡಾನೂ ಲಾಡ್ಜಿನವರು ತಗೊಂಡ್ರು ಅಂತ ಹಿಂದೆ ಯಾರೋ ಗುಸುಗುಸು ಅಂದ್ರು. ಮೇಡಂ, 'ಅಳೀಲಿ ಬಿಡಿ' ಅಂದ್ರು. ಮೂರು ಡಬಲ್ ಬಂತು ಅತ್ತೆ. ಅಡುಗೆಮನೆ ಬಿಟ್ಟು ಮೂರು ಡಬಲ್.

ಮನಸ್ಸಲ್ಲೇ ಚಾಪೆ ಹಾಸಿದೆ. ಕಿಟಕಿ ಪಕ್ಕ ದೊಡ್ಡವಳು, ಅವಳಿಗೆ ಬೆಳಕು ಬೇಕು, ಓದ್ತಾಳೆ. ಅವಳ ಪಕ್ಕ ಪುಟ್ಟ, ಪುಟ್ಟನ ಪಕ್ಕ ನಾನು, ನನ್ನ ಪಕ್ಕ ನಿಮ್ಮ ಮಗ, ಗೋಡೆ ಕಡೆ ಮುಖ ಮಾಡಿ. ಗೊರಕೆಯೆಲ್ಲಾ ಗೋಡೆಗೆ ಹೋಗಲಿ, ಪಕ್ಕದ ಮನೆಯವರಿಗೂ ಒಂಚೂರು ಸಿಗಲಿ…

ಬನ್ನಿ ಹತ್ರ. ಮಡಿಸಿ. ಎಷ್ಟಾಯ್ತು? ಹದಿನೆಂಟಾ? ಬೇಗ ಆಗ್ತಾ ಇದೆ ಇವತ್ತು.

ಅತ್ತೆ, ಒಂದು ಮಾತು. ನಾಳೆ ನೀವು ರಜ ಹಾಕಿ. ಹೂಂ, ರಜ. ಮ್ಯಾನೇಜರಿಗೆ ನಾನು ಹೇಳ್ತೀನಿ. ನಿಮ್ಮ ತಂಗಿ ಮನೆಗೆ ಹೋಗಿ ಎಷ್ಟು ದಿನ ಆಯ್ತು? ಬೆಳಗ್ಗೆ ಎಂಟರ ಬಸ್ಸಿಗೆ ಹೊರಟರೆ ಹತ್ತಕ್ಕೆ ಅಲ್ಲಿರ್ತೀರಿ. ಒಂದೆರಡು ದಿನ ಇದ್ದು ಬನ್ನಿ. ಮಂಡಿಗೂ ಆರಾಮ. ಟ್ರಂಕನ್ನೂ… ಟ್ರಂಕನ್ನೂ ಬೇಕಾದ್ರೆ ತಗೊಂಡು ಹೋಗಿ, ಆಟೋಗೆ ಹಾಕಿ ಕಳಿಸ್ತೀನಿ. ಚಾಪೇನೂ ಹೊಸದೇ, ಅವರ ಮನೇಲಿ ಚಾಪೆ ಇರುತ್ತೋ ಇಲ್ಲವೋ.

ಯಾಕೆ, ತಂಗಿ ಮನೆಗೆ ಹೋಗೋಕೆ ಟ್ರಂಕು ಯಾಕೆ ಅಂತೀರಾ? ಅದು… ಸೀರೆ ಬೇಕಲ್ಲ. ನಾಲ್ಕು ಸೀರೆ. ಚೀಲದಲ್ಲಿ ಮುದುಡುತ್ತೆ.

ಎಳೀರಿ ಅತ್ತೆ. ಶೀಟು ಸಡಿಲ ಆಯ್ತು. ಎಳೀರಿ.

ನಾಳೆ ಏನಿದೆ ಅಂತಲಾ? ಏನೂ ಇಲ್ಲ. ನೋಡೋಕೆ ಬರ್ತಾರೆ ಅಷ್ಟೇ. ಇಂಜಿನಿಯರಮ್ಮ ಬರ್ತಾಳೆ ಹತ್ತು ಗಂಟೆಗೆ, ಅರ್ಜಿಯಲ್ಲಿ ಬರೆದಿದ್ದು ನಿಜಾನಾ ಅಂತ ರೂಮು ನೋಡ್ತಾಳೆ, ಸಹಿ ಹಾಕ್ತಾಳೆ, ಹೋಗ್ತಾಳೆ. ಅವಳಿಗೆ ಟೀ ಮಾಡಿಕೊಡಬೇಕು, ಸಕ್ಕರೆ ಇದೆ ತಾನೇ ಡಬ್ಬೀಲಿ? ರೂಮು ಸ್ವಲ್ಪ ಖಾಲಿಯಾಗಿ ಕಂಡ್ರೆ ಒಳ್ಳೇದು. ಅಂದ್ರೆ ಅಚ್ಚುಕಟ್ಟಾಗಿ. ಅವಳು ಕೂರೋಕೂ ಜಾಗ ಬೇಕಲ್ಲ…

ಇದೇನು, ಕ್ಲಿಪ್ಪು ತೆಗೆದುಬಿಟ್ರಾ? ಎಲ್ಲಾ ತೆಗೆದ್ರಾ. ಹಾಂ, ಈಗ ಮಾತಾಡಿ. ಬಂದಾಗಿಂದ ಕ್ಲಿಪ್ಪು ಕ್ಲಿಪ್ಪು ಅಂತ ನಿಮ್ಮನ್ನ ರೇಗಿಸಿದ್ದೇ ಆಯ್ತು. ಮಾತಾಡಿ.

ಅತ್ತೆ.

ಗುಮಾಸ್ತ ನಿಯಮ ಓದಿ ಹೇಳಿದ, ನನ್ನದಲ್ಲ ಅದು, ನಗರಸಭೆಯದು. ಒಂದು ರೂಮಿನ ಮನೆ ನಾಲ್ಕು ಜನರ ತನಕ. ಐದು ಜನ ಆದ್ರೆ ಎರಡು ರೂಮಿನ ಪಟ್ಟಿ. ಎರಡು ರೂಮಿನ ಮನೆ ಇಡೀ ಕಟ್ಟಡದಲ್ಲಿ ಹದಿನಾರು. ಪಟ್ಟಿಯಲ್ಲಿ ಆರುನೂರು ಕುಟುಂಬ. ನಾಲ್ಕು ವರ್ಷ ಆಗಬಹುದು ಅಂದ. ಆಗಬಹುದು, ಗ್ಯಾರಂಟಿ ಇಲ್ಲ. ಓನರ್ ಒಂದನೇ ತಾರೀಖು ಬೀಗ ಕೇಳ್ತಾನೆ. ನಾಲ್ಕು ವರ್ಷ ಎಲ್ಲಿರೋದು, ಈ ಟ್ಯಾಂಕಿನ ಕೆಳಗಾ? ಇದು ಎಂಥ ನಿಯಮ ಹೇಳಿ. ಮೂರು ಡಬಲ್ ಜಾಗದಲ್ಲಿ ಐದನೇ ಚಾಪೆ ಹಿಡಿಯಲ್ಲ ಅಂತ ಬರೆದವನು ಯಾವತ್ತಾದ್ರೂ ಚಾಪೆ ಮೇಲೆ ಮಲಗಿದಾನಾ?

ಇದನ್ನ ಮೈಕಲ್ಲಿ ಹೇಳಬೇಕಿತ್ತು ನಾನು. ಸಭೆ ಮುಗಿದಿತ್ತು.

ಹಿಂಗೆ ನೋಡಬೇಡಿ. ಬಾಯಿ ತಪ್ಪಿ ಅಂತ ಅಂದುಕೊಳ್ಳಿ. ಕೈ ತಪ್ಪಿ. ದಿನಾ ಶೀಟನ್ನ ನಾಲ್ಕು ನಾಲ್ಕು ಕಟ್ಟು ಹಾಕಿ ಎಣಿಸಿ ಎಣಿಸಿ, ಅರ್ಜಿ ತುಂಬೋಕೆ ಪೆನ್ನು ಕೈಗೆ ಬಂದಾಗ ಮನೆ ಜನ ನಾಲ್ಕು ಅಂತಲೇ ಬಿತ್ತು… ನಗೋದಿಲ್ವಾ? ಇಷ್ಟೊತ್ತು ಎಲ್ಲದಕ್ಕೂ ನಕ್ಕಿರಲ್ಲ.

ನಿಮ್ಮನ್ನ ಬಿಟ್ಟುಬಿಡ್ತೀನಿ ಅಂತ ಅಲ್ಲ ಅತ್ತೆ. ಪ್ಲಾನು ಇದೆ ನನ್ನ ಹತ್ರ. ಸಭೇಲಿ ನಾನು ಅಂದಿದ್ದನ್ನ ಇಂಜಿನಿಯರಮ್ಮ ಕೇಳಿದ್ರೆ, ಅತ್ತೆ ಈಗ ತಂಗಿ ಮನೇಲಿ ಇರ್ತಾರೆ ಅಂತೀನಿ. ಮನೆ ಕೈಗೆ ಬರಲಿ. ಆಮೇಲೆ ನೀವು ಬನ್ನಿ. ನೆಂಟರ ಹಾಗೆ. ದಿನಾ ಸಂಜೆ ನೆಂಟರ ಹಾಗೆ ಬನ್ನಿ, ಬೆಳಗ್ಗೆ ಹೊರಟುಹೋಗಿ, ಇಲ್ಲಿಗೆ ಕೆಲಸಕ್ಕೆ. ವಾಚ್‌ಮನ್ನಿಗೆ ನಮಸ್ಕಾರ ಹೇಳ್ತಾ ಬಂದ್ರೆ ಯಾರು ಕೇಳ್ತಾರೆ? ವರ್ಷಕ್ಕೊಂದು ಸಲ ತಲೆ ಎಣಿಸ್ತಾರಂತೆ, ಆ ದಿನ ನೀವು… ಜಾಸ್ತಿ ತಲೆ ಸಿಕ್ಕಿದ್ರೆ ಮನೆ ರದ್ದು ಅಂತ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಆದ್ರೆ ನೀವು ಜಾಸ್ತಿ ತಲೆ ಅಲ್ಲ. ನೀವು…

ಸುಮ್ಮನಿರಬೇಡಿ ಅತ್ತೆ. ಬೈದುಬಿಡಿ. ನಿಮ್ಮ ಬಾಯಿ ನನಗೆ ಗೊತ್ತಿಲ್ವಾ? ಹಾಲು ಉಕ್ಕಿಸಿದ್ರೆ ಮೂರು ದಿನ ಬೈತೀರಿ. ಈಗ ಒಂದು ಮಾತಿಲ್ಲ.

ಒಂದು ವಿಷಯ ಈಗ ಹೊಳೀತು ನನಗೆ. ನೀವು ನಲ್ಲಿ ಕೇಳಿದ್ರಿ. ಲಿಫ್ಟು ಕೇಳಿದ್ರಿ. ಗ್ಯಾಸು, ಸ್ಕೂಲು, ಅಳತೆ ಎಲ್ಲಾ ಕೇಳಿದ್ರಿ. ನಾನು ಚಾಪೆ ಹಾಸುತ್ತಾ ಹೋದೆ, ದೊಡ್ಡವಳು, ಪುಟ್ಟ, ನಾನು, ನಿಮ್ಮ ಮಗ. ನನ್ನ ಚಾಪೆ ಎಲ್ಲಿ ಅಂತ ನೀವು ಕೇಳಲೇ ಇಲ್ಲ. ಆಗಲೇ ಗೊತ್ತಾಯ್ತಾ? ಆದ್ರೂ ಹದಿನೆಂಟು ಅಂತ ಬೆರಳಲ್ಲಿ ತೋರಿಸಿದ್ರಲ್ಲ, ಏನೂ ಆಗದ ಹಾಗೆ.

ಸರಿ. ಹೇಳ್ತೀನಿ. ಇನ್ನು ಮುಚ್ಚಿಟ್ಟು ಏನು ಮಾಡಲಿ.

ನಿಯಮ ಆಮೇಲೆ ಗೊತ್ತಾಗಿದ್ದು. ಚಾಪೆ ಹಾಸಿದ್ದು ಮೊದಲು. ಮೇಲೆ ಮಾದರಿ ಮನೇಲಿ ನಿಂತಿದ್ದಾಗ ನನಗೆ ನಾಲ್ಕು ಜನ ಐದು ಜನ ಅನ್ನೋ ನಿಯಮ ಯಾರೂ ಹೇಳಿರಲಿಲ್ಲ. ಸುಮ್ಮನೆ ಹಾಸಿದೆ, ಮನಸ್ಸಲ್ಲಿ. ನಾಲ್ಕು ಹಾಸಿದ ಮೇಲೆ ಬಾಗಿಲ ಹತ್ರ ಒಂದು ಸಿಂಗಲ್ ಶೀಟಿನಷ್ಟು ನೆಲ ಉಳೀತು. ಬರೀ ನೆಲ. ಅದರ ಮೇಲೆ ಚಾಪೆ ಇಲ್ಲ, ಟ್ರಂಕಿಲ್ಲ, ಕೊಡ ಇಲ್ಲ, ಯಾರ ಕಾಲೂ ಇಲ್ಲ. ನಾನು ನನ್ನ ಜೀವಮಾನದಲ್ಲಿ ನಮ್ಮದು ಅಂತ ಬರೀ ನೆಲ ನೋಡಿಲ್ಲ ಅತ್ತೆ. ಆಸೆ ಆಯ್ತು. ಅಲ್ಲಿ ಏನಾದ್ರೂ ಇಡೋಣ ಅಂತ ಅಲ್ಲ. ಏನೂ ಇಡದೇ ಇರೋಣ ಅಂತ. ಅದು ನಿಮ್ಮ ಜಾಗ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಆಸೆ ಪಟ್ಟೆ. ಆಮೇಲೆ ಕೆಳಗೆ ಬಂದಾಗ ಗುಮಾಸ್ತ ನಿಯಮ ಓದಿದ. ನನಗೆ ಬೇಜಾರಾಗಬೇಕಿತ್ತು. ಒಂದು ಕ್ಷಣ… ಹಗುರ ಆಯ್ತು. ನಿಯಮ ಇದೆ, ನಾನೇನು ಮಾಡಲಿ ಅಂತ.

ಮೈಕಲ್ಲಿ ಐದು ಅಂದವಳು ನಾನೇ. ಒಂದು ಗಂಟೆ ಕಳೆಯೋದ್ರೊಳಗೆ ಕಾಗದದ ಮೇಲೆ ನಾಲ್ಕು ಅಂತ ಬರೆದವಳೂ ನಾನೇ. ಪೆನ್ನು ಒಂದು ಸಲವೂ ತಡೆಯಲಿಲ್ಲ.

ಮದುವೆ ಆಗಿ ಬಂದ ದಿನ ಆ ರೂಮಲ್ಲಿ ಗೋಡೆ ಪಕ್ಕ ನಿಮ್ಮ ಚಾಪೆ ಇತ್ತು. ಸಂಜೆ ನೋಡ್ತೀನಿ, ನೀವು ಅದನ್ನ ಸುತ್ತಿ ಬಾಗಿಲ ಹತ್ರ ತಗೊಂಡು ಹೋಗಿದ್ರಿ. ಅಲ್ಲಿ ಗಾಳಿ ಬರುತ್ತೆ ಅಂದ್ರಿ. ಆ ರೂಮಿಗೆ ಎಲ್ಲಿಂದ ಗಾಳಿ ಬರಬೇಕು? ಎಂಟು ವರ್ಷ ಆಯ್ತು, ನಾನು ಅದನ್ನ ಕೇಳಲೇ ಇಲ್ಲ.

ಗಂಟೆ ಎಷ್ಟು? ನಾಲ್ಕೂಕಾಲು. ಕೌಂಟರು ಐದರ ತನಕ ಇರುತ್ತೆ, ತಿದ್ದೋದಿದ್ರೆ ಇವತ್ತೇ ತಿದ್ದಬೇಕು ಅಂದಿದ್ದ. ಓಡಿದ್ರೆ ಸಿಗ್ತಾನೆ. ಐದು ಅಂತ ಮಾಡಿಸ್ತೀನಿ. ನಾಲ್ಕು ವರ್ಷದ ಪಟ್ಟಿಗೆ ಹೋಗುತ್ತೆ, ಹೋಗಲಿ. ನಿಮ್ಮ ಮಗ ಕೂಗಾಡ್ತಾನೆ, ಕೂಗಾಡಲಿ. ಕಮಿಷನರ್ ಮೇಡಂ ಇನ್ನೂ ಅಲ್ಲೇ ಇದ್ರೆ ಅವರ ಕುರ್ಚಿ ಮುಂದೇ ನಿಂತು ಕೇಳ್ತೀನಿ, ಐದನೇ ಚಾಪೆ ಎಲ್ಲಿ ಹಾಸಲಿ ಮೇಡಂ ಅಂತ. ಉಳಿದ ಶೀಟು ಬಂದು ಮಡಿಸ್ತೀನಿ. ಮ್ಯಾನೇಜರು ಕೆಮ್ಮಿದ್ರೆ ಕೆಮ್ಮಲಿ. ತಗೊಳ್ಳಿ, ಪುಟ್ಟ ಎದ್ದರೆ ಈ ಬಿಸ್ಕತ್ತಲ್ಲಿ ಒಂದು ಕೊಡಿ.

ತುದಿ ಬಿಡಿ ಅತ್ತೆ, ಹೊರಟೆ.

ಬಿಡಿ. ಹೊತ್ತಾಗುತ್ತೆ.

ಅತ್ತೆ… ಮನೆ ಹೋಗುತ್ತೆ ಅಂತಲಾ? ಮಕ್ಕಳಿಗೆ ಅಂತಲಾ? ಬಾಯಿ ಬಿಟ್ಟು ಹೇಳಿ ಆ ಮಾತನ್ನ, ಹಿಂಗೆ ಬೆರಳು ಬೆಳ್ಳಗಾಗೋ ಹಾಗೆ ಹಿಡ್ಕೊಂಡು ನಿಲ್ಲಬೇಡಿ. ನಾನು ಎಳೆದ್ರೆ ಶೀಟು ಹರಿಯುತ್ತೆ.

ಬಿಡಿ ಅತ್ತೆ.